ವಿಠಲ ಭಾಲ್ಕಿ ರಿ

ವಿಠಲ ಕಾಕಾ ಗುಟ್ಟು ಹೇಳಿದರೂ ಭಾಲ್ಕಿ ಬಸ್ ಸ್ಟ್ಯಾಂಡಿನ ಆಚೆ ತುದಿಗೆ ಕೇಳುತ್ತಿತ್ತು. ಅಲ್ಲಿನ ವಿಚಾರಣೆ ಕಿಟಕಿಯ ಹಿಂದೆ ಕೂತು ಮೈಕಿನಲ್ಲಿ ಬಸ್ಸುಗಳ ಹೆಸರು ಕೂಗುತ್ತಲೇ ಅವರ ನೌಕರಿ ಮುಗಿದಿತ್ತು. ರಿಟೈರಾದ ಮೇಲೂ ಅವರು ಮನೆಯಲ್ಲಿ ನಿಂತವರಲ್ಲ. ಮುಂಜಾನೆ ಇಸ್ತ್ರಿ ಅಂಗಿ ತೊಟ್ಟು, ಸ್ಟ್ಯಾಂಡಿನೊಳಗಿನ ಬಾಬಾನ ಚಹಾದಂಗಡಿಯ ಬೆಂಚಿಗೆ ಹಾಜರಾಗುತ್ತಿದ್ದರು. ಅಷ್ಟರಲ್ಲಿ ಅವರ ಜಾಗಕ್ಕೆ ಯಂತ್ರದ ಹೆಣ್ಣುದನಿ ಬಂದಿತ್ತು. ಅದನ್ನು ಕಂಡರೆ ಕಾಕಾಗೆ ಆಗುತ್ತಿರಲಿಲ್ಲ.

“ಆಕಿಗಿ ಬಸ್ ಬಂದದ್ದು ಗೊತ್ತಾಗ್ತದ, ಮರ್ಯಾದಿ ಗೊತ್ತಾಗಲ್ಲರಿ. ಬಾಯಾಗ ಒಂದು ‘ರಿ’ ಇಲ್ಲ!”

ಅವರ ಬಾಯಲ್ಲಿ ಮಾತ್ರ ಎಲ್ಲಕ್ಕೂ ರಿ. ಮರಾಠಿ ಮಾತಾಡಿದರೂ ಕೊನೆಗೊಂದು ರಿ ಬೀಳುತ್ತಿತ್ತು. ಬಸ್ಸಿನಡಿ ಮಲಗಿದ ನಾಯಿಗೂ “ಜರಾ ಸರೀರಿ, ಗಾಡಿ ಬಿಡ್ತಾರ” ಎನ್ನುತ್ತಿದ್ದರು. ನಾಯಿ ಎದ್ದು ಸರಿಯುತ್ತಿತ್ತು.

ನಾನು ಔರಾದಿನ ಸಾಲೆಯ ಟೀಚರ್, ದಿನಾ ಭಾಲ್ಕಿಯಿಂದ ಹೋಗಿಬರುವವಳು. ಬಸ್ಸಿಗೆ ಕಾಯುವ ಹೊತ್ತು ನನಗೆ ಕಾಕಾನ ಸಂಗಡ ಚಹಾ. ಒಂದು ದಿನ ಅವರು ಹೊಸ ಫೋನನ್ನು ನನ್ನ ಕೈಗಿಟ್ಟರು.

“ಟೀಚರಬಾಯಿ, ನನಗೊಂದು ಈಮೇಲ್ ಮಾಡಿಕೊಡ್ರಿ.”

“ನಿಮಗ್ಯಾಕ ಕಾಕಾ?”

ರೇಡಿಯೊದವರು ನಮ್ಮ ಭಾಗದ ಮಾತಿನಲ್ಲಿ ರೈತರ ಸುದ್ದಿ ಓದುವವರನ್ನು ಹುಡುಕುತ್ತಿದ್ದರಂತೆ. ಫೋನ್ ಮಾಡಿ ಹೆಸರು, ಈಮೇಲ್ ಹೇಳಬೇಕು. ದನಿ ಪರೀಕ್ಷೆಯ ದಿನವನ್ನು ಅವರು ಈಮೇಲಿನಲ್ಲೇ ತಿಳಿಸುತ್ತಾರೆ. ಇಷ್ಟು ಹೇಳಿ ಕಾಕಾ ಸ್ವಲ್ಪ ತಗ್ಗಿದ ದನಿಯಲ್ಲಿ, ಅಂದರೆ ಅರ್ಧ ಸ್ಟ್ಯಾಂಡಿಗಷ್ಟೇ ಕೇಳುವಂತೆ, ಮನಸ್ಸಿನಲ್ಲಿದ್ದುದನ್ನು ಹೇಳಿದರು. “ನೌಕರಿ ತುಂಬಾ ಮೈಕಿನ್ಯಾಗ ಒದರೀನಿ. ಒದರಿದ ಮ್ಯಾಲೂ ಮಂದಿ ಕಿಟಕಿಗಿ ಬಂದು ಮತ್ತ ಅದನ್ನೇ ಕೇಳ್ತಿದ್ರು. ಒಮ್ಮೆ ಕಿಟಕಿ ಇಲ್ಲದ ಜಾಗಾದಾಗ ಕೂತು ಮಾತಾಡಬೇಕ್ರಿ. ಹೇಳಿದ್ದು ಮಂದಿ ಗಪ್ ಕೂತು ಕೇಳಬೇಕು.”

ನನಗೆ ಇಲ್ಲವೆನ್ನಲು ಆಗಲಿಲ್ಲ. ಹೆಸರು, ಹುಟ್ಟಿದ ದಿನ ಸಲೀಸಾಗಿ ಮುಗಿದವು. ಹೆಸರಿಗೆ ಊರು ಸೇರಿಸಿ ‘ವಿಠಲಭಾಲ್ಕಿ’ ಎಂದು ವಿಳಾಸ ಇಟ್ಟೆ. ಆಮೇಲೆ ಫೋನು, ನೀವು ಯಂತ್ರವಲ್ಲವೆಂದು ತೋರಿಸಿ, ಬಸ್ ಇರುವ ಚಿತ್ರಗಳನ್ನೆಲ್ಲ ಒತ್ತಿ ಎಂದಿತು. ಇದಕ್ಕಿಂತ ಸುಲಭದ ಪ್ರಶ್ನೆ ಕಾಕಾಗೆ ಯಾರು ಕೇಳಿಯಾರು ಅಂದುಕೊಂಡೆ. ಅವರು ಕನ್ನಡಕ ಏರಿಸಿ ನೋಡಿದರು, ಒಂದನ್ನೂ ಒತ್ತಲಿಲ್ಲ.

“ಇದು ಎಲ್ಲಿಗಿ ಹೋಗೋದ್ರಿ? ಬೋರ್ಡ್ ಇಲ್ಲ. ಬೋರ್ಡ್ ಇಲ್ದಿದ್ದಕ್ಕ ನಾ ಬಸ್ ಅನ್ನಲ್ಲ.”

ಫೋನು ಅವರನ್ನು ಯಂತ್ರವೆಂದೇ ತಿಳಿದು ಮತ್ತೆ ಮತ್ತೆ ಚಿತ್ರ ತೋರಿಸಿತು. ಕಡೆಗೆ ನಾನೇ ಒತ್ತಿದೆ. ಇನ್ನು ಪಾಸ್‌ವರ್ಡ್. ಅಕ್ಷರ, ಅಂಕಿ ಎರಡೂ ಇರಲಿ, ನಿಮಗೆ ಮರೆಯದಂಥದ್ದಿರಲಿ, ಯಾರಿಗೂ ಗೊತ್ತಾಗಬಾರದು ಎಂದು ಮೂರು ಮೂರು ಸಲ ಹೇಳಿದೆ. ಕಾಕಾ ಯೋಚಿಸಿ, ಎದೆ ತುಂಬ ಉಸಿರು ತುಂಬಿಕೊಂಡು ಗುಟ್ಟು ಹೇಳಿದರು:

“ಔರಾದ್, ಪ್ಲಾಟ್‌ಫಾರ್ಮ್ ಮೂರೂ!”

ನೆರಳಲ್ಲಿ ಕೂತಿದ್ದ ಜನವೆಲ್ಲ ಚೀಲ ಎತ್ತಿಕೊಂಡು ಮೂರನೇ ಪ್ಲಾಟ್‌ಫಾರ್ಮಿಗೆ ಓಡಿತು. ಅಲ್ಲಿ ಬಸ್ಸಿರಲಿಲ್ಲ. ಚಿಂತಾಕಿಯ ಮುದುಕಿಯೊಬ್ಬಳು ತಿರುಗಿ ಬಂದು ಕಾಕಾಗೆ ಹಿಡಿಶಾಪ ಹಾಕಿದಳು. ಬಾಬಾ ಚಹಾ ಸೋಸುತ್ತ, “ಕಾಕಾ, ಔರಾದಿಗಿ ದೊಡ್ಡ ಅಕ್ಷರ ಹಾಕ್ರಿ” ಎಂದು ಸಲಹೆ ಕೊಟ್ಟ. ಹಾಕಿದೆವು.

ಕಾಕಾ ರೇಡಿಯೊಕ್ಕೆ ತಾವೇ ಫೋನ್ ಮಾಡಿ ವಿಳಾಸ ಕೊಟ್ಟರು. ಆಮೇಲೆ ದಿನಾ ನನ್ನ ಬಸ್ಸಿನ ಕಿಟಕಿಗೆ ಬಂದು, “ಬಂತೇನ್ರಿ?” ಎಂದು ಫೋನು ಚಾಚುವರು. ಬರಲಿಲ್ಲ. “ದನಿಗಿ ವಯಸ್ಸಾಗ್ಯಾದ, ಅದು ಅವರಿಗಿ ಗೊತ್ತಾಗಿರಬೇಕು” ಎಂದು ಅವರು ಒಂದು ದಿನ ಸಣ್ಣಗೆ ಅಂದರು. ಬಸ್ಸಿಳಿದು ಅವರ ಸಂಗಡ ಬೆಂಚಿನ ಹತ್ತಿರ ಬಂದು ನಾನೇ ರೇಡಿಯೊಕ್ಕೆ ಫೋನ್ ಹಚ್ಚಿದೆ.

“ಕಳಿಸೀವ್ರಿ, ವಾಪಸ್ ಬಂದಾದ” ಎಂದು ಅಲ್ಲಿನ ಹೆಣ್ಣುಮಗಳು ವಿಳಾಸ ಓದಿದಳು. “ವಿಠಲಭಾಲ್ಕಿರಿ.”

“ರಿ ಇಲ್ರಿ ಬಾಯಿ. ಅದು ಮಾತಿನ ರಿ” ಎಂದೆ. ಕಾಕಾ ತಡೆಯಲಾರದೆ ಫೋನು ಕಸಿದುಕೊಂಡರು. “ರಿ ತೆಗೀರಿ, ಬರೇ ವಿಠಲ ಭಾಲ್ಕಿ ರಿ!”

“ನಾ ಅದನ್ನೇ ಬರದೀನಲ್ರಿ!”

ನಾನು ಫೋನು ವಾಪಸ್ ತೆಗೆದುಕೊಂಡು ಬಿಡಿಸಿ ಹೇಳುವ ಹೊತ್ತಿಗೆ ಆಕೆ, ವಿಳಾಸಗಳ ಪಟ್ಟಿ ಮೇಲಿನ ಆಫೀಸಿಗೆ ಹೋಗಿಬಿಟ್ಟಿದೆ, ಇನ್ನು ತಿದ್ದಲು ಬರುವುದಿಲ್ಲ, ಸಂಜೆ ಅದರಂತೆಯೇ ಎಲ್ಲರಿಗೂ ಪತ್ರ ಇನ್ನೊಮ್ಮೆ ಕಳಿಸುತ್ತಾರೆ ಎಂದಳು. ಕಾಕಾ ಬೆಂಚಿನ ಮೇಲೆ ಕುಸಿದು ಕೂತರು. ನನಗೆ ತಟ್ಟನೆ ಹೊಳೆಯಿತು. ಪಟ್ಟಿ ತಿದ್ದಲು ಬಾರದಿದ್ದರೆ ಕಾಕಾನನ್ನೇ ತಿದ್ದೋಣ! ಅಲ್ಲೇ ಕೂತು, ಬಾಲಕ್ಕೆ ರಿ ಹಚ್ಚಿ ಇನ್ನೊಂದು ಈಮೇಲ್ ತೆರೆದೆ. ಬಸ್ಸಿನ ಚಿತ್ರ ಮತ್ತೆ ಬಂತು. ಕಾಕಾ ಈ ಸಲ ಬೋರ್ಡು ಕೇಳದೆ ಎಲ್ಲವನ್ನೂ ಒತ್ತಿದರು. ಪಾಸ್‌ವರ್ಡ್ ಹಳೆಯದೇ.

ಸಂಜೆ ಪತ್ರ ಬಂತು. ದನಿ ಪರೀಕ್ಷೆಯಲ್ಲಿ ಕಾಕಾ ಪಾಸಾದರು. ವಾರಕ್ಕೊಮ್ಮೆ ಅವರ ಸುದ್ದಿ ಶುರುವಾದರೆ ಬಾಬಾ ಸ್ಟೋವ್ ಬಂದ್ ಮಾಡುತ್ತಿದ್ದ. ಅಂಗಡಿಯೆದುರು ಜನ ಗಪ್ಪಾಗಿ ನಿಂತು ಕೇಳುತ್ತಿತ್ತು. ರಿ ಇಲ್ಲದ ಮೊದಲಿನ ಈಮೇಲನ್ನು ಕಾಕಾ ಮತ್ತೆ ಮುಟ್ಟಲಿಲ್ಲ. “ಅದರಾಗ ನನಗ ಇಜ್ಜತ್ ಇಲ್ರಿ” ಎನ್ನುತ್ತಿದ್ದರು.

ಹೋದ ಚಳಿಗಾಲದಲ್ಲಿ ಕಾಕಾ ತೀರಿಕೊಂಡರು. ಬೆಂಚು ಖಾಲಿಯಾಯಿತು. ಯಂತ್ರದ ದನಿಗೆ ಇನ್ನು ಬೈಯುವವರಿಲ್ಲ. ಮೊನ್ನೆ ನಾನು ಚಹಾದಂಗಡಿಯಲ್ಲಿದ್ದಾಗ ರೇಡಿಯೊದ ಅದೇ ಹೆಣ್ಣುಮಗಳು ಫೋನ್ ಮಾಡಿದಳು. ಕಾಕಾನ ದನಿಯ ರೆಕಾರ್ಡುಗಳನ್ನು ಅವರ ಈಮೇಲಿಗೇ ಕಳಿಸುತ್ತಾಳಂತೆ.

“ವಿಠಲ ಭಾಲ್ಕಿ...” ಎಂದು ಬರೆದುಕೊಳ್ಳುತ್ತ ನಿಲ್ಲಿಸಿ, “ರಿ ಹಚ್ಚಲೇನ್ರಿ, ಬಿಡಲೇನ್ರಿ?” ಎಂದು ಕೇಳಿದಳು.

“ಹಚ್ಚ್ರಿ” ಎಂದೆ.

ಕಾಕಾನ ಈಮೇಲನ್ನು ನನ್ನ ಫೋನಿನಲ್ಲೇ ತೆರೆಯಹೋದರೆ ಪಾಸ್‌ವರ್ಡ್ ಕೇಳಿತು. ಎಷ್ಟು ತಿಣುಕಿದರೂ ನೆನಪಾಗಲೊಲ್ಲದು. ಬಾಬಾನತ್ತ ನೋಡಿದೆ. ಅವನು ಕೆಟಲು ಕೆಳಗಿಟ್ಟು, ಥೇಟ್ ಕಾಕಾನ ಹಾಗೆ ಎದೆ ತುಂಬ ಉಸಿರು ತುಂಬಿಕೊಂಡ.

“ಔರಾದ್, ಪ್ಲಾಟ್‌ಫಾರ್ಮ್ ಮೂರೂ!”

ಜನ ಚೀಲ ಎತ್ತಿಕೊಂಡು ಓಡಿತು. ಕಣ್ಣೀರು ಒರೆಸಿಕೊಂಡು ಔರಾದಿಗೆ ದೊಡ್ಡ ಅಕ್ಷರ ಹಾಕಿದೆ.