ಕುದುರೆಯ ಹಣೆಗೆ ಕುಂಕುಮ

ಅಕ್ಕ ತೀರಿಕೊಂಡ ಮೇಲೆ ಅವಳ ಕುದುರೆ ಪ್ರೀತಿಯನ್ನು ಹೊಗಳದವರೇ ಇಲ್ಲ. "ಕುದುರಿ ಅಂದ್ರ ಜೀವಾ ಬಿಡ್ತಿದ್ಳು ನೋಡ್ರಿ, ಪಾಪ" ಎಂದು ನಮ್ಮ ಸೋದರತ್ತೆ ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ. ಅವಳ ಬಾಯಲ್ಲಿ ಆ 'ಪಾಪ' ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಬಸವಕಲ್ಯಾಣದಲ್ಲಿ ಅಪ್ಪ ಟಾಂಗಾ ಹೊಡೆಯುತ್ತಿದ್ದ. ನಮಗೆಲ್ಲ ಕುದುರೆ ಎಂದರೆ ಲದ್ದಿ ನಾತ. ಅಕ್ಕನಿಗೆ ಅದೇ ಅತ್ತರು. ಶಾಲೆಯಿಂದ ಬಂದವಳು ಪಾಟಿಚೀಲ ಎಸೆದು ಮೊದಲು ಕುದುರೆಯ ಮೈ ಉಜ್ಜುತ್ತಿದ್ದಳು, ಆಮೇಲೆ ತನ್ನ ಮುಖ ತೊಳೆಯುತ್ತಿದ್ದಳು. ಹುಮನಾಬಾದಿನಿಂದ ನೋಡಲು ಬಂದಿದ್ದ ಹುಡುಗ ಹೇಗಿದ್ದಾನೆ ಎಂದು ಅವ್ವ ಕೇಳಿದರೆ, "ಅವರ ಮನ್ಯಾಗ ಎರಡು ಕುದುರಿ ಅದಾವಂತವ್ವಾ" ಎಂದಳು. ಮದುವೆ ಅಲ್ಲಿಗೇ ಗೊತ್ತಾಯಿತು.

ಭಾವನ ಮನೆಯವರು ಮದುವೆ ಮೆರವಣಿಗೆಗೆ ಬಾಡಿಗೆಗೆ ಕುದುರೆ ಕಳಿಸುವವರು. ಒಂದು ಗಂಡು, ಒಂದು ಹೆಣ್ಣು, ಬಿಳಿ ಜೋಡಿ. ಭಾವ ಜ್ವರ ಬಂದು ಹೋದ. ಮರುವರ್ಷ ಹೊಟ್ಟೆ ಉಬ್ಬರಿಸಿ ಗಂಡು ಕುದುರೆಯೂ ಹೋಯಿತು. ಎರಡು ಜೋಡಿಯಲ್ಲಿ ಉಳಿದವರು ಅಕ್ಕ ಮತ್ತು ಆ ಹೆಣ್ಣು ಕುದುರೆ.

ಆಗಿನಿಂದ ಶುರುವಾಯಿತು ನೋಡಿ. ಕಡಲೆ ನೆನೆಸುವುದು, ಮೈ ತೊಳೆಯುವುದು, ಜೂಲು ಹೆಣೆಯುವುದು, ಜರಿಯ ಬಟ್ಟೆ ಹೊದಿಸುವುದು ಎಲ್ಲಕ್ಕೂ ಅಕ್ಕ ಬೇಕು. ಮೆರವಣಿಗೆ ಹೊರಡುವ ಓಣಿ ಬಂತೆಂದರೆ ಲಗಾಮು ಮೈದುನನ ಕೈಗೆ ಕೊಟ್ಟು ಅವಳು ಮರೆಗೆ ಸರಿಯಬೇಕು. ಗಂಡ ಸತ್ತವಳು ಮದುಮಗನ ಕುದುರೆ ನಡೆಸಬಾರದಂತೆ. ಶರಣರ ನೆಲದವರು ನಾವು ಎಂದು ಎದೆ ಉಬ್ಬಿಸುವ ಬಾಯಿಗಳೇ ಇದನ್ನೂ ಹೇಳುತ್ತಿದ್ದವು. ಅಕ್ಕ ಗದ್ದಲದ ಹಿಂದೆ ದೂರದಲ್ಲಿ ನಡೆದು ಹೋಗುತ್ತಿದ್ದಳು.

ಆದರೆ ಅವಳಿಗೆ ತಮ್ಮನಾದ ನನ್ನ ಅಣ್ಣನ ಮಗನ ಮದುವೆ ಗೊತ್ತಾದಾಗ ಅವಳು ಬಾಯಿಬಿಟ್ಟು ಕೇಳಿದಳು. ಆ ಹುಡುಗ ಬೇಸಿಗೆ ರಜೆಯೆಲ್ಲ ಹುಮನಾಬಾದಿನಲ್ಲಿ ಅವಳ ಕೈತುತ್ತು ತಿಂದು, ಅದೇ ಕುದುರೆಯ ಬೆನ್ನ ಮೇಲೆ ಬೆಳೆದವನು.

"ಇದೊಂದ್ಸಲ ಲಗಾಮು ನಾ ಹಿಡೀತೀನೋ ತಮ್ಮಾ. ಮುಂದ ಬರಂಗಿಲ್ಲ, ಬಾಜೂಕ ನಡೀತೀನಿ."

ಅಣ್ಣ ನೆಲ ನೋಡಿದ. "ಬೀಗರು ಏನರ ಅಂತಾರಕ್ಕಾ. ನೀ ಕುದುರಿ ಕಳಸು, ಅಡಗಿ ಮನಿ ನೋಡ್ಕೋ."

ಕುದುರೆ ಬೇಕು, ಅಕ್ಕ ಬೇಡ. ಅವಳು ಟೆಂಪೋದಲ್ಲಿ ಕುದುರೆಯ ಜೊತೆಗೇ ನಿಂತು ಬಸವಕಲ್ಯಾಣಕ್ಕೆ ಬಂದಳು, ಅದನ್ನು ಸಿಂಗರಿಸಿ ಮೈದುನನಿಗೆ ಒಪ್ಪಿಸಿ, ನನ್ನ ಪಕ್ಕ ಕೂತು ಈರುಳ್ಳಿ ಹೆಚ್ಚಿದಳು.

ಕೋಟೆ ಕಡೆಯ ರಸ್ತೆಯಲ್ಲಿ ಡಿಜೆ ಹಚ್ಚಿದ್ದೇ ತಡ, ಕುದುರೆ ನಡುಗಿ ನಿಂತುಬಿಟ್ಟಿತು. ಮೈದುನ ಜಗ್ಗಿದ, ಬೈದ. ಮೇಲಿದ್ದ ಮದುಮಗ ಬಾಸಿಂಗ ಸಮೇತ ಅಂಜಿ ಕೂಗಿದ. ಅಣ್ಣ ಓಡಿ ಬಂದ. "ಅಕ್ಕಾ, ಜಲ್ದಿ ಬಾ, ಕುದುರಿ ಮುಂದ ಹೋಗವಲ್ದು!" ಆಗ ಬೀಗರ ನೆನಪು ಅವನಿಗಿರಲಿಲ್ಲ.

ಅಕ್ಕ ಕೈ ಒರೆಸಿಕೊಂಡು ಹೋದಳು, ಅವಳ ಹಿಂದೆಯೇ ನಾನೂ. ಕುದುರೆಯ ಕುತ್ತಿಗೆ ಸವರಿ ಕಿವಿಯಲ್ಲಿ ಏನೋ ಅಂದಳು. ಅದು ನಡೆಯಿತು. ಮದುವೆ ಮಂಟಪದವರೆಗೂ ಅವಳೇ ಲಗಾಮು ಹಿಡಿದಳು. ಅವಳು ಅಷ್ಟು ತಲೆಯೆತ್ತಿ ನಡೆದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಮದುಮಗನನ್ನು ಇಳಿಸುವ ಮೊದಲು ಕುದುರೆಗೂ ಕುಂಕುಮ ಹಚ್ಚಿ ಕಡಲೆ, ಬೆಲ್ಲ ತಿನ್ನಿಸುವುದು ನಮ್ಮಲ್ಲಿಯ ಪದ್ಧತಿ. ಸೋದರತ್ತೆ ಆರತಿ ತಟ್ಟೆ ಹಿಡಿದು ಬಂದು, ಅಕ್ಕನ ಕಡೆ ನೋಡದೆಯೇ, "ಹಿಂದಕ್ಕ ಸರಿಯವ್ವಾ, ತಾಟಿನ ಮ್ಯಾಲ ನಿನ್ನ ನೆಳ್ಳು ಬೀಳಾಕತ್ತದ" ಎಂದಳು. ಆಮೇಲೆ ಕುಂಕುಮದ ಬೆರಳನ್ನು ಕುದುರೆಯ ಹಣೆಗೆ ಚಾಚಿದಳು.

ಅಕ್ಕ ತನ್ನ ಅಂಗೈಯನ್ನು ಆ ಹಣೆಯ ಮೇಲಿಟ್ಟು ಮುಚ್ಚಿದಳು.

"ಬ್ಯಾಡ್ರಿ ಅತ್ತಿ. ಈಕಿ ಗಂಡನೂ ಸತ್ತಾನ."

ಎಲ್ಲರೂ ನಾಚುತ್ತಾರೆ ಎಂದುಕೊಂಡೆ. ನನ್ನ ಹುಚ್ಚು. ಅತ್ತೆಯ ಬೆರಳು ಬೆಂಕಿ ಮುಟ್ಟಿದ ಹಾಗೆ ಹಿಂದಕ್ಕೆ ಬಂತು. ಬೀಗರ ಗುಂಪಿನಿಂದ ಒಬ್ಬ ಹೆಂಗಸು, "ಅಯ್ಯ, ವಿಧವಾ ಕುದುರಿ ಮ್ಯಾಲ ಕೂಡಿಸಿ ತಂದ್ರೇನ್ರಿ?" ಎಂದು ಕೇಳಿದಳು. ಯಾರೂ ನಗಲಿಲ್ಲ. ಅಕ್ಕನ ಕೈತುತ್ತು ತಿಂದ ಹುಡುಗ ಗಡಬಡಿಸಿ ಕೆಳಗಿಳಿದ. ಕಡಲೆ, ಬೆಲ್ಲ ತಟ್ಟೆಯಲ್ಲೇ ಉಳಿಯಿತು.

ಆ ಮಾತು ದುಬಲಗುಂಡಿ, ಮುಡಬಿಯವರೆಗೂ ಹಬ್ಬಿತು. ಆ ಕುದುರೆಯನ್ನು ಮತ್ತೆ ಯಾರೂ ಮದುವೆಗೆ ಕರೆಯಲಿಲ್ಲ. ಮಾರಿಬಿಡು ಎಂದರೆ ಅಕ್ಕ ಕೇಳಲಿಲ್ಲ. ತಾನು ಕಂಡವರ ಹೊಲದಲ್ಲಿ ಕಳೆ ತೆಗೆದು ಅದಕ್ಕೆ ಕಡಲೆ ತಂದಳು. ಅದು ಸಾಯುವವರೆಗೂ ದಿನಾ ಮೈ ತೊಳೆದು ಜೂಲು ಹೆಣೆದಳು.

ಅಂದು ಮಂಟಪದಿಂದ ಟೆಂಪೋದವರೆಗೆ ನಾನೂ ಅವಳ ಜೊತೆ ನಡೆದೆ. ಸಿಟ್ಟಿಗೆ ನನ್ನ ಕಣ್ಣಿಂದ ನೀರು ಸುರಿಯುತ್ತಿತ್ತು. ಅಕ್ಕ ಸೆರಗಿನ ಗಂಟಿನಿಂದ ನೆನೆಸಿದ ಕಡಲೆ ತೆಗೆದು ಕುದುರೆಗೆ ತಿನ್ನಿಸುತ್ತ ನಕ್ಕಳು.

"ಅಳಬ್ಯಾಡ. ಇನ್ಮ್ಯಾಲ ಈಕೀನ ನನ್ನ ಕೈಯಿಂದ ಯಾರೂ ಕಸಗೊಳ್ಳಂಗಿಲ್ಲ."