ಮೇಷ್ಟ್ರಿಗೂ ಒಂದು ಆರತಿ

ಅರಿಸಿನದ ನೀರಿಗೆ ಅಮ್ಮ ಚಿಟಿಕೆ ಸುಣ್ಣ ಹಾಕಿದ್ದೇ ತಡ, ತಟ್ಟೆಯ ನೀರು ಕೆಂಪಾಯಿತು. ಮಗು ನೋಡಲು ಬಂದಿದ್ದ ಪಕ್ಕದ ಮನೆಯ ಜಪಾನಿ ಪ್ರೊಫೆಸರ್, "ಅರೆ, ಇದು ನನ್ನ ಮೊದಲ ಕ್ಲಾಸ್!" ಎಂದು ಇಂಗ್ಲಿಷಿನಲ್ಲಿ ಕೂಗಿಯೇಬಿಟ್ಟರು.

ಆಸ್ಪತ್ರೆಯಿಂದ ಮಗಳನ್ನೆತ್ತಿಕೊಂಡು ಬಂದ ನಾನಿನ್ನೂ ಈ ಪರದೇಶದ ಈಸ್ಟ್‌ಗೇಟ್‌ನ ನಮ್ಮ ಮನೆಯ ಹೊಸ್ತಿಲಾಚೆ ನಿಂತಿದ್ದೆ. ಟೋಕಿಯೊದಲ್ಲೂ ಇಲ್ಲೂ ಜೀವಮಾನವಿಡೀ ಆರ್ಗ್ಯಾನಿಕ್ ಕೆಮಿಸ್ಟ್ರಿ ಕಲಿಸಿದ ಅವರು, ಪ್ರತಿ ವರ್ಷ ಪಾಠ ಶುರು ಮಾಡುತ್ತಿದ್ದದ್ದು ಅರಿಸಿನವನ್ನು ಹೀಗೆ ಕೆಂಪು ಮಾಡಿಯೇ ಅಂತೆ.

ಅದನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಅಮ್ಮ ಒಂಚೂರೂ ಬೆರಗಾಗಲಿಲ್ಲ. "ಹಂಗಾದ್ರೆ ಮೇಷ್ಟ್ರನ್ನೂ ನಿನ್ನ ಪಕ್ಕ ನಿಲ್ಲಿಸ್ಕೋ. ಇಷ್ಟು ವರ್ಷದಲ್ಲಿ ಎಷ್ಟು ಹುಡುಗರ ಕಣ್ಣು ಬಿದ್ದಿದೆಯೋ!" ಎಂದು ಮೂವರಿಗೂ ಆರತಿ ಎತ್ತಿ, ಅದೇ ನೀರಿನ ಬೊಟ್ಟಿಟ್ಟರು.

ಮಾರನೇ ದಿನ ಮೇಷ್ಟ್ರ ಬೊಟ್ಟು ಹಳದಿಗೆ ತಿರುಗಿತ್ತು, ಆದರೆ ಹಣೆಯ ಮೇಲೇ ಇತ್ತು. ಅದನ್ನು ತೊಳೆಯುವ ಕೆಮಿಸ್ಟ್ರಿ ಅವರಿಗೆ ಗೊತ್ತಿಲ್ಲದ್ದೇನಲ್ಲ.