ಡಿಕ್ಕಿಯಲ್ಲಿದ್ದ ನೀಲಿ ಸಿಲಿಂಡರ್

ಸ್ಯಾನ್ ಡಿಯಾಗೊ ಏರ್‌ಪೋರ್ಟಿನಲ್ಲಿ ಮೈಸೂರಿನಿಂದ ಬಂದಿಳಿದ ಅತ್ತೆಯ ಸೂಟ್‌ಕೇಸ್ ಇಡಲು ಕಾರಿನ ಡಿಕ್ಕಿ ತೆರೆದೆ. ಒಳಗಿದ್ದ ಸಿಲಿಂಡರಿನ ನೀಲಿ ಬಣ್ಣ ನೋಡಿಯೇ ಅತ್ತೆ, “ನೈಟ್ರಸ್ ಆಕ್ಸೈಡ್ ಅಲ್ವಾ?” ಎಂದರು. ಅವರು ಅಲ್ಲಿ ಅರಿವಳಿಕೆ ವೈದ್ಯೆಯಾಗಿದ್ದವರು.

ದಿನಾ ಆಫೀಸಿಗೆ ಓಡಿಸುವ ನನ್ನ ಟರ್ಬೊ ಕಾರಿಗೆ ಎಂಜಿನ್‌ಗೆ ಈ ಅನಿಲ ಹಾಯಿಸಿದರೆ ಇನ್ನಷ್ಟು ವೇಗ ಬರುತ್ತದೆಂದು ಗೆಳೆಯ ಕೊಟ್ಟಿದ್ದ ಸಿಲಿಂಡರ್ ಅದು. ಹಾಕಿಸುವುದೋ ಬೇಡವೋ ಎಂದು ಇನ್ನೂ ತೀರ್ಮಾನಿಸಿಲ್ಲ ಎಂದೆ.

“ಸರ್ವಿಸ್ ಪೂರ್ತಿ ಇದನ್ನ ಪೇಷೆಂಟ್‌ಗಳಿಗೆ ಕೊಟ್ಟಿದೀನಿ. ಕೊಡುವಾಗ ಒಂದ್ಸಲಾನೂ ಪಕ್ಕದಿಂದ ಎದ್ದು ಹೋಗಿಲ್ಲ. ನೀವು ರಸ್ತೆ ನೋಡ್ತಿರೋವಾಗ ಇದನ್ನ ಯಾರು ನೋಡ್ಕೋತಾರೆ?”

ಸೂಟ್‌ಕೇಸನ್ನು ಹಿಂದಿನ ಸೀಟಿನಲ್ಲಿಟ್ಟೆ.

ಸಿಲಿಂಡರ್ ಗೆಳೆಯನಿಗೆ ವಾಪಸ್ಸಾಯಿತು. ಅತ್ತೆಯೂ ಮೈಸೂರಿಗೆ ಮರಳಿದರು. ಫ್ರೀವೇ ಹೆದ್ದಾರಿ ಖಾಲಿಯಿದ್ದಾಗ ಆಕ್ಸಿಲರೇಟರ್ ಒತ್ತಲು ಕಾಲು ಈಗಲೂ ತುಡಿಯುತ್ತದೆ. ಆಗೊಮ್ಮೆ ಅತ್ತೆ ಕೂತಿದ್ದ ಪಕ್ಕದ ಖಾಲಿ ಸೀಟಿನತ್ತ ನೋಡುತ್ತೇನೆ.